ಒಳ್ಳೆಯ ಸುದ್ದಿ ಮಾತ್ರ

ಅಡುಗೆಯ ಎಬಿಸಾವಾ ಕರ್ರಿ ಬಡಿಸಿ, ಕೇಳದಿದ್ದರೂ ಇನ್ನೆರಡು ಮಾಂಸದ ತುಂಡು ಹಾಕಿದಾಗ ನಿಶಿಗೋರಿಯ ಎದೆ ಧಸಕ್ಕೆಂದಿತು. ಈ ಜಲಾಂತರ್ಗಾಮಿಯ ಅರವತ್ತೈದು ಜನರಲ್ಲಿ ಎಬಿಸಾವಾನ ಬಾಯಿಗೆ ಸಿಗದವರೇ ಇಲ್ಲ. ಒಂದು ತುಂಡು ಹೆಚ್ಚು ಕೇಳಿದರೆ, "ಯಾಕೆ, ಅತ್ತೆ ಮನೆ ಅನ್ಕೊಂಡ್ಯಾ?" ಎಂದು ಸೌಟು ತೋರಿಸುವ ಆಸಾಮಿ ಅವನು.

"ಏನ್ ಎಬಿಸಾವಾ ಸಾನ್, ಇವತ್ತು ಭಾರಿ ಧಾರಾಳ?" ನಿಶಿಗೋರಿ ಪಿಸುಗುಟ್ಟಿದ. ಮೇಲೆ ಹತ್ತಿರದಲ್ಲೇ ಪರದೇಶದ ಯುದ್ಧನೌಕೆ ಇತ್ತು. ಚಮಚ ತಟ್ಟೆಗೆ ತಾಗಿ ಸದ್ದಾದರೂ ತಪ್ಪು.

"ಸುಮ್ನೆ ತಿನ್ನಪ್ಪಾ," ಎಂದ ಎಬಿಸಾವಾ. ಅಷ್ಟೇ. ಮುಖ ಕೊಟ್ಟು ಮಾತಾಡಲಿಲ್ಲ.

ಕರ್ರಿ ಎಂದರೆ ಶುಕ್ರವಾರ. ಸೂರ್ಯ ಕಾಣದ ನೀರಿನಡಿಯಲ್ಲಿ ವಾರ ತಿಳಿಯುವುದು ಅದರಿಂದಲೇ. ನಿಶಿಗೋರಿಯ ಹೆಂಡತಿ ಚಿನಾತ್ಸುವಿಗೆ ವೈದ್ಯರು ಕೊಟ್ಟ ಹೆರಿಗೆಯ ದಿನ ಕಳೆದ ಮೇಲೆ ಇದು ಎರಡನೆಯ ಕರ್ರಿ. ಹಿಂದಿನ ಎರಡೂ ಬಸಿರು ಐದು ತಿಂಗಳು ದಾಟಿರಲಿಲ್ಲ. ಇದು ಒಂಬತ್ತು ತುಂಬಿತ್ತು. ಅವಳು ಪುಟ್ಟ ಕಾಲುಚೀಲ ಹೆಣೆಯಲು ಧೈರ್ಯ ಮಾಡಿದ್ದೇ ಎಂಟನೆಯ ತಿಂಗಳಲ್ಲಿ.

ಕುರೆ ಬಂದರು ಬಿಡುವ ಮುನ್ನ ಪ್ರತಿಯೊಬ್ಬರೂ ಒಂದು ಚೀಟಿ ತುಂಬಿ ಕೊಡಬೇಕು: ಕಡಲಲ್ಲಿರುವಾಗ ಮನೆಯ ಸುದ್ದಿ ಬಂದರೆ ಎಲ್ಲವನ್ನೂ ತಿಳಿಸುವುದೋ, ಏನನ್ನೂ ತಿಳಿಸದಿರುವುದೋ, ಒಳ್ಳೆಯದನ್ನು ಮಾತ್ರ ತಿಳಿಸುವುದೋ. ನಿಶಿಗೋರಿ ಮೂರನೆಯದಕ್ಕೆ ಗುರುತು ಹಾಕಿ, ಮಹಾ ಜಾಣತನ ಮಾಡಿದೆ ಎಂದು ಬೀಗಿದ್ದ, ಪಾಪ. ಒಳ್ಳೆಯದು ಮಾತ್ರ ಬರುವ ಕಡೆ ಏನೂ ಬಾರದಿದ್ದರೆ ಅದಕ್ಕೇನು ಅರ್ಥ ಎಂಬುದು ಆಗ ತಲೆಗೆ ಹೊಳೆದಿರಲಿಲ್ಲ. ಈಗ ಬೇರೇನೂ ಹೊಳೆಯುತ್ತಿರಲಿಲ್ಲ. ತಟ್ಟೆಯನ್ನು ಹಾಗೇ ಬಿಟ್ಟು ಎದ್ದು, ಕಾಂಚೋ ಕುರಾಹಾಶಿಯ ಕೋಣೆಯ ಪರದೆಯ ಮುಂದೆ ಹೋಗಿ ನಿಂತ. ಕಾಂಚೋ ಎಂದರೆ ಇಲ್ಲಿ ಕ್ಯಾಪ್ಟನ್, ಅವನು ಹೇಳಿದ್ದೇ ಕೊನೆಯ ಮಾತು.

"ಕಾಂಚೋ, ನನ್ನ ಚೀಟಿ ತಿದ್ದಬೇಕು. ಒಳ್ಳೇದೋ ಕೆಟ್ಟದ್ದೋ, ಏನಿದ್ರೂ ಹೇಳ್ಬಿಡಿ. ತಡ್ಕೊಳ್ತೀನಿ."

ಕುರಾಹಾಶಿ ನಕ್ಷೆಯಿಂದ ತಲೆ ಎತ್ತಿದ. ನೀರಿನ ಸದ್ದು ಕೇಳಿ ಹಡಗುಗಳ ಗುರುತು ಹಿಡಿಯುವುದರಲ್ಲಿ ಈ ಹುಡುಗನನ್ನು ಮೀರಿಸುವವರಿಲ್ಲ ಎಂದು, ಬೇರೆ ಹಡಗಿನವರ ಕೈಕಾಲು ಹಿಡಿದು ಇವನನ್ನು ಕರೆತಂದದ್ದು ಅವನೇ. ಬಂದರು ಸೇರುವವರೆಗೆ ಇನ್ನೂ ಹನ್ನೊಂದು ದಿನ ಅರವತ್ತೈದು ಜನರ ಪ್ರಾಣ ಆ ಎರಡು ಕಿವಿಗಳ ಮೇಲೆ ನಿಂತಿತ್ತು.

"ತಿದ್ದಿ ಏನು ಮಾಡ್ತೀಯೋ ಮಾರಾಯ? ಆಂಟೆನಾ ನೀರಿನ ಮೇಲೆ ಎತ್ತಿದ್ರೆ ತಾನೇ ಸುದ್ದಿ ಬರೋದು? ಆ ಹಡಗು ತಲೆ ಮೇಲೆ ಕೂತಿರುವಾಗ ಎತ್ತೋಕಾಗುತ್ತಾ? ಎರಡು ವಾರ ಆಯ್ತು ಎತ್ತಿ. ನಿಮ್ಮನೇದಿರಲಿ, ನಮ್ಮನೆ ನಾಯಿ ಬದುಕಿದ್ಯೋ ಇಲ್ವೋ, ಅದೂ ಗೊತ್ತಿಲ್ಲ ನಂಗೆ." ಕುರಾಹಾಶಿ ನಕ್ಕೂಬಿಟ್ಟ. "ನಿನ್ ಹೆಂಡ್ತಿ ಮಗೂಗೆ ಹಾಲು ಕುಡಿಸ್ತಾ ನಿನ್ನೇ ಬೈಕೊಳ್ತಿರ್ತಾಳೆ, ಹೋಗು."

ಮೂರು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ ಸುಳ್ಳು. ಎಲ್ಲೂ ತಡವರಿಸದೆ ಹೇಳಿ ಮುಗಿಸಿದ್ದಕ್ಕೆ ಕುರಾಹಾಶಿಗೇ ಸಮಾಧಾನವಾಯಿತು.

ನಿಶಿಗೋರಿ ಸೊಂಟ ಬಗ್ಗಿಸಿ ವಂದಿಸಿದ. ಹೊರಟವನು ಪರದೆ ಹಿಡಿದುಕೊಂಡೇ ನಿಂತ.

"ಇನ್ನೊಂದು ವಿಷ್ಯ ಕಾಂಚೋ. ಮಂಗಳವಾರ ನಾನು ಮಲಗಿದ್ದಾಗ ಆಂಟೆನಾ ಮೇಲೆ ಹೋಯ್ತಲ್ಲ, ತುದೀಲಿ ಕಿರ್ ಅಂತು. ಇಳಿಯೋವಾಗ್ಲೂ ಅಂತು. ಆ ಹಡಗಿನವ್ರಿಗೂ ಕಿವಿ ಇರುತ್ತೆ." ಅವನ ದನಿ ಪಾಳಿಯ ವರದಿ ಒಪ್ಪಿಸುವ ದನಿಯೇ ಆಗಿತ್ತು. "ಬಂದರು ಸೇರೋವರ್ಗೂ ಇನ್ನು ಎತ್ಬೇಡಿ."