ದೊಡ್ಡದಾಗು

ಊರಲ್ಲೆಲ್ಲ ಬೆಂಕಿ ಜನರ ಮಾತು ಕೇಳಲು ಶುರುಮಾಡಿದ ಮೇಲೆ ಪ್ರಫುಲ್ಲಳ ಮನೆಗೆ ಬೆಂಕಿಪೊಟ್ಟಣ ತರುವುದೇ ನಿಂತುಹೋಗಿತ್ತು. "ಹತ್ತು" ಅಂದರೆ ಒಲೆ ಹತ್ತುತ್ತಿತ್ತು, "ಆರು" ಅಂದರೆ ಆರುತ್ತಿತ್ತು.

ಆ ಸಂಜೆ ಅಡುಗೆಮನೆಗೆ ಕಾಲಿಟ್ಟವಳಿಗೆ ಗ್ಯಾಸ್ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ರೆಗ್ಯುಲೇಟರ್ ತಿರುಗಿಸಿ, ಕಿಟಕಿ ತೆರೆದಳು. ಸ್ವಿಚ್ ಮುಟ್ಟಲಿಲ್ಲ. ಆದರೆ ಪಕ್ಕದ ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಅದರೆದುರು ಅತ್ತೆ ಕೂತಿದ್ದರು.

"ಅತ್ತೆ, ಗ್ಯಾಸ್ ಸೋರಿದೆ!"

"ಅಯ್ಯೋ, ದೀಪ ದೊಡ್ಡ—"

ಪ್ರಫುಲ್ಲ ಹಾರಿ ಅವರ ಬಾಯಿ ಮುಚ್ಚಿದಳು. ದೀಪ ಆರಿಸು ಅನ್ನುವುದು ಅಶುಭವೆಂದು 'ದೊಡ್ಡದು ಮಾಡು' ಅನ್ನುವ ಹಿರಿಯರ ನಯ ಬೆಂಕಿಗೆಲ್ಲಿ ಅರ್ಥವಾಗಬೇಕು? ಅದು ಹೇಳಿದ್ದನ್ನೇ ಮಾಡುತ್ತದೆ. ದೀಪದ ಕುಡಿ ಆಗಲೇ ಗೇಣುದ್ದ ಎದ್ದಿತ್ತು.

"ಆರು!" ಎಂದು ಕಿರುಚಿದಳು. ಆರಿತು.

"ಮುತ್ತೈದೆ ಆಡೋ ಮಾತೇನೇ ಅದು?" ಅತ್ತೆ ಬಾಯಿ ಬಿಡಿಸಿಕೊಂಡು ಬೈದರು. ಅವರ ಬೈಗುಳ ಇಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ.

ಅಷ್ಟರಲ್ಲಿ, ತೆರೆದ ಕಿಟಕಿಯಾಚೆ, ಪಕ್ಕದ ಮನೆಯ ಅಜ್ಜಿಗೂ ವಾಸನೆ ಬಡಿದಿರಬೇಕು. ಕಿಟಕಿಯ ಕೆಳಗೇ ಇದ್ದ ತುಳಸಿಕಟ್ಟೆಯ ದೀಪಕ್ಕೆ ಬಗ್ಗಿ, ಮುದ್ದಿನಿಂದ ಹೇಳುತ್ತಿದ್ದರು: "ದೊಡ್ಡದಾಗು ನನ್ನವ್ವಾ, ದೊಡ್ಡದಾಗು."