ಮೊಣಕೈಗೆ ನಲವತ್ತೊಂದು

"ಮೂವತ್ತೆರಡು," ಎಂದ ಡೆಲ್ ಹೋಕ್‌ಮನ್, ಹೆಬ್ಬೆರಳಿಗೆ ಹತ್ತಿದ ಸಾಸಿವೆ ಗೊಜ್ಜನ್ನು ನೆಕ್ಕುತ್ತ.

"ಮೂವತ್ಮೂರು," ಎಂದ ಗಸ್ ಪಸ್ತುಲಾ. ಆ ಹೆಬ್ಬೆರಳಿನ ಕಡೆ ನೋಡಲಾರದೆ ಮುಖ ತಿರುಗಿಸಿದ.

ಡೆಲ್‌ನ ಮನೆಯ ನೆಲಮಾಳಿಗೆಯಲ್ಲಿ ಹತ್ತು ಜನ ಕೂತಿದ್ದರು. ಅಮೆರಿಕದ ಟೊಲೀಡೊ ಊರಿನ ಗಾಜಿನ ಕಾರ್ಖಾನೆಯಲ್ಲಿ ಒಟ್ಟಿಗೆ ದುಡಿದು ನಿವೃತ್ತರಾದವರು. ಪ್ರತಿ ಮಾರ್ಚ್‌ನಲ್ಲಿ ಒಂದು ಶನಿವಾರ ಅವರು ಹರಾಜಿಗೆ ಸೇರುತ್ತಾರೆ. ಹರಾಜಾಗುವವರು ನಿಜವಾದ ಬೇಸ್‌ಬಾಲ್ ಆಟಗಾರರು. ಕಟ್ಟುವ ತಂಡ ಮಾತ್ರ ಕಾಗದದ್ದು. ತಂಡ ಕಟ್ಟಲು ಒಬ್ಬೊಬ್ಬರಿಗೂ ಇನ್ನೂರ ಅರವತ್ತು ಡಾಲರ್. ಕೊಂಡ ಆಟಗಾರರು ಬೇಸಿಗೆಯಿಡೀ ಮೈದಾನದಲ್ಲಿ ಹೇಗೆ ಆಡುತ್ತಾರೋ ಹಾಗೆ ಇವರ ಅಂಕ. ಬುದ್ಧಿಯಿದ್ದವನು ನೂರ ಎಂಬತ್ತನ್ನು ದಾಂಡಿಗರಿಗೆ ಇಟ್ಟು, ಉಳಿದ ಎಂಬತ್ತರಲ್ಲಿ ಎಸೆತಗಾರರನ್ನು ಮುಗಿಸುತ್ತಾನೆ. ದಾಂಡಿಗ ದಿನಾ ಆಡುತ್ತಾನೆ. ಎಸೆತಗಾರ ಬರುವುದೇ ಐದು ದಿನಕ್ಕೊಮ್ಮೆ. ಅವನ ತೋಳು ಯಾವಾಗ ಕೈಕೊಡುತ್ತದೋ ದೇವರಿಗೇ ಗೊತ್ತು.

ಈ ಲೆಕ್ಕ ಡೆಲ್‌ನ ತಲೆಗೆ ಹತ್ತಿರಲೇ ಇಲ್ಲ. ಪ್ರತಿ ವರ್ಷ ಇನ್ನೂರನ್ನು ಎಸೆತಗಾರರ ಮೇಲೆ ಸುರಿದು, ದಾಂಡಿಗರ ಜಾಗಕ್ಕೆ ಒಂದೊಂದು ಡಾಲರಿನ ಕಸ ತುಂಬುತ್ತಿದ್ದ. ಮೂರು ವರ್ಷದಿಂದ ಅವನೇ ಕೊನೆ. ಕೊನೆಗೆ ಬಂದವನ ಮನೆಯಲ್ಲಿ ಮುಂದಿನ ಹರಾಜು, ಊಟವೂ ಅವನದೇ ಎಂಬುದು ಇವರೊಳಗಿನ ದಂಡ. ಹಾಗಾಗಿ ಮೂರು ವರ್ಷದಿಂದ ಎಲ್ಲರಿಗೂ ಇದೇ ನೆಲಮಾಳಿಗೆ, ಇದೇ ಒದ್ದೆ ನಾಯಿಯ ನಾತ, ಇದೇ ಸೀದ ಸಾಸೇಜು. ಬೀನ್ಸ್ ಮೇಲೆ ನಾಯಿಯ ಕೂದಲು ಕಂಡು ಗಸ್ ತಟ್ಟೆಯನ್ನು ಆಗಲೇ ದೂರ ಸರಿಸಿದ್ದ.

ಕೂದಲನ್ನಾದರೂ ಸಹಿಸಬಹುದಿತ್ತು. ಡೆಲ್ ದುಡ್ಡು ಎರಚುವ ರೀತಿ ಅವನಿಗೆ ಅದಕ್ಕಿಂತ ಹೇಸಿಗೆ ಹುಟ್ಟಿಸುತ್ತಿತ್ತು. ಈ ದಡ್ಡನಿರುವಲ್ಲಿ ಗಸ್‌ನ ಯಾವ ಲೆಕ್ಕವೂ ನಡೆಯುತ್ತಿರಲಿಲ್ಲ. ಹಿಂದಿನ ಎರಡು ವರ್ಷವೂ ಒಂದೇ ಒಂದು ಸ್ಥಾನದಿಂದ ಕೈತಪ್ಪಿತ್ತು.

ಮೊದಲೆಲ್ಲ ಹರಾಜು ಕೂಗುತ್ತಿದ್ದವಳು ಗಸ್‌ನ ಹೆಂಡತಿ ಮಾರ್ಜಿ. 'ಒಂದು ಸಲ, ಎರಡು ಸಲ' ಎಂದು ಅವಳು ಮರದ ಸೌಟಿನಿಂದ ಮೇಜು ಕುಟ್ಟಿದರೆ ಇಷ್ಟೂ ಗಂಡಸರು ಗಪ್‌ಚಿಪ್. ಈಗ ಅವಳ ಶ್ವಾಸಕೋಶ ಸೋತಿದೆ. ಆಮ್ಲಜನಕದ ಯಂತ್ರದ ನಳಿಗೆ ಎಷ್ಟು ಉದ್ದವೋ ಅವಳ ಓಡಾಟ ಅಷ್ಟೇ. ಬೆಳಿಗ್ಗೆ ಗಸ್ ಕೋಟು ಹಾಕಿಕೊಳ್ಳುವಾಗ ಕೈ ಹಿಡಿದುಕೊಂಡಿದ್ದಳು.

"ಈ ವರ್ಷನಾದ್ರೂ ಮನೆಗೆ ತರ್ತೀಯಾ, ಗಸ್? ಇನ್ನೆಷ್ಟು ಮಾರ್ಚ್ ನೋಡ್ತೀನೋ ನಂಗೊತ್ತಿಲ್ಲ."

"ತಂದೇ ತರ್ತೀನಿ," ಎಂದು ಮಾತು ಕೊಟ್ಟು ಬಂದಿದ್ದ.

ಈಗ ಕೂಗಿಗೆ ಬಂದಿದ್ದವನು ಕಾರ್ಡೆಲ್ ಬ್ರೋ ಎಂಬ ಎಸೆತಗಾರ. ಮೂವತ್ತೊಂಬತ್ತು ವರ್ಷ. ಮೊಣಕೈಗೆ ಎರಡು ಸಲ ಕತ್ತರಿ ಬಿದ್ದಿತ್ತು. ಮೂರು ಡಾಲರಿಗೂ ದುಬಾರಿ.

"ಮೂವತ್ತಾರು," ಎಂದ ಡೆಲ್. "ಮೇ ತಿಂಗಳಿಗೆ ವಾಪಸ್ ಬರ್ತಾನೆ ನೋಡ್ತಿರಿ. ಹುಲಿ ಅವನು."

"ಮೂವತ್ತೇಳು."

ಪಕ್ಕದಲ್ಲಿದ್ದ ಲೆನ್ ಮೊಣಕೈಯಿಂದ ತಿವಿದ. ಬೇಡದ ಆಟಗಾರನ ಬೆಲೆ ಏರಿಸಿ, ಎದುರಾಳಿಯ ಜೇಬು ಖಾಲಿ ಮಾಡಿಸುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಹಳೇ ಆಟ. "ಡೆಲ್‌ನ ಬೋಳಿಸ್ತಿದೀಯಾ? ಹುಷಾರು ಮಾರಾಯ, ನಿನ್ನ ಕೊರಳಿಗೇ ಸುತ್ಕೊಂಡೀತು."

"ನನ್ನ ಕೊರಳು ನಂಗೊತ್ತು. ನೀನು ಸಾಸೇಜು ತಿನ್ನು."

"ನಲವತ್ತು," ಎಂದ ಡೆಲ್.

"ನಲವತ್ತೊಂದು."

ಡೆಲ್ ತಲೆ ಕೆರೆದುಕೊಂಡ. ಉಗುರಿನಲ್ಲಿ ಸಿಕ್ಕಿದ್ದನ್ನು ಪರೀಕ್ಷಿಸಿ ಪ್ಯಾಂಟಿಗೆ ಒರೆಸಿದ. "ಸಾಕಪ್ಪ. ನೀನೇ ಇಟ್ಕೋ."

ನೆಲಮಾಳಿಗೆ ಬಿದ್ದುಹೋಗುವ ಹಾಗೆ ನಕ್ಕರು. "ತೋಡಿದ ಗುಂಡಿಗೆ ತಾನೇ ಬಿದ್ದ!" ಎಂದು ಲೆನ್ ತೊಡೆ ತಟ್ಟಿದ. ಗಸ್ ಮುಖ ಗಂಟಿಕ್ಕಿಕೊಂಡು ಕೂತ.

ಆಮೇಲೆ ಅವನಿಗೆ ತಲೆ ಕೆಟ್ಟಿದೆಯೆಂದೇ ಎಲ್ಲರೂ ತಿಳಿದರು. ಹೋದ ದುಡ್ಡನ್ನು ಹೋದ ದಾರಿಯಲ್ಲೇ ಹುಡುಕುವ ಜೂಜುಕೋರನ ಹಾಗೆ ಎಸೆತಗಾರರ ಮೇಲೆ ಎಸೆತಗಾರರನ್ನು ಕೊಂಡ. ಡೆಲ್ ಆಸೆಪಟ್ಟವರನ್ನೆಲ್ಲ ಗಸ್ ಕಿತ್ತುಕೊಂಡಿದ್ದರಿಂದ ಡೆಲ್‌ನ ಕೈಯಲ್ಲಿ ದುಡ್ಡು ಉಳಿಯಿತು. ಬೇರೆ ದಾರಿ ಕಾಣದೆ ಅವನು ನಾಲ್ವರು ಒಳ್ಳೆಯ ದಾಂಡಿಗರನ್ನು ಕೊಂಡ, ಅದೂ ಗೊಣಗುತ್ತ.

ಸಂಜೆ ಬಾಗಿಲಲ್ಲಿ ಡೆಲ್ ತನ್ನ ಜಿಡ್ಡುಗೈಯನ್ನು ಗಸ್‌ನ ಹೆಗಲ ಮೇಲಿಟ್ಟ. "ಕೊನೆಗೂ ನನ್ನ ದಾರಿಗೆ ಬಂದ್ಯಲ್ಲೋ! ಎಸೆಯೋರೇ ಎಲ್ಲ ಕಣೋ, ಎಸೆಯೋರೇ ಎಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ಗೆಲ್ಲುವ ದಾರಿ ಇದೇ ಎಂದು ಆ ಮನುಷ್ಯ ಮನಸಾರೆ ನಂಬಿದ್ದ. ಗಸ್‌ಗೆ ಮೈಯೆಲ್ಲ ಉರಿಯಿತು. ಏನೋ ಸಂಚು ಹೂಡಿದವನಾಗಿದ್ದರೆ ಎದುರಿಸಬಹುದಿತ್ತು; ಪ್ರಾಮಾಣಿಕ ದಡ್ಡನ ಜೊತೆ ಎರಡು ವರ್ಷ ಪೈಪೋಟಿ ಮಾಡಿ ಸಾಕಾಗಿತ್ತು. ಹೆಗಲು ಕೊಡವಿಕೊಂಡು ಕಾರು ಹತ್ತಿದ.

ಮಾರ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಎಚ್ಚರವಾಗಿಯೇ ಕಾಯುತ್ತಿದ್ದಳು. ಗಸ್ ಅಂಗಿ ಬದಲಿಸಿ, ಕೈ ಎರಡೆರಡು ಸಲ ತೊಳೆದು ಬಂದು ಎದುರು ಕೂತ.

"ಎಸೆಯೋರ್ಗೆ ಎಷ್ಟು ಹಾಕ್ದೆ?"

"ಇನ್ನೂರ ಮೂವತ್ತು."

"ಮೊಣಕೈಗಳು?"

"ಒಂದೂ ನೆಟ್ಟಗಿಲ್ಲ."

ಮಾರ್ಜಿ ನಕ್ಕಳು. ನಗು ಕೆಮ್ಮಾಯಿತು. ಅದು ನಿಲ್ಲುವವರೆಗೂ ಗಸ್ ಅವಳ ಬೆನ್ನು ಸವರಿದ.

"ಹರಾಜು ನಮ್ಮನೇಲಿ ಇಡಿ ಅಂತ ಬಾಯ್ಬಿಟ್ಟು ಕೇಳಿದ್ರೆ ಅಯ್ಯೋ ಪಾಪ ಅಂತ ಹೂ ಹಿಡ್ಕೊಂಡು ಬರೋರು, ಪಿಸುಪಿಸು ಮಾತಾಡೋರು," ಎಂದಳು ಉಸಿರು ತಿರುಗಿದ ಮೇಲೆ. "ಕೊನೇ ಸ್ಥಾನ ಈ ಸಲ ನಮ್ದೇ ಅಂದ್ಮೇಲೆ, ಮುಂದಿನ ಮಾರ್ಚ್‌ಗೆ ಅವರೆಲ್ಲ ಗಲಾಟೆ ಮಾಡ್ಕೊಂಡು ನಮ್ಮನೆಗೇ ಬರ್ಬೇಕು, ಅಲ್ಲೀವರ್ಗೂ ನಾನು ಸಾಯೋ ಹಾಗಿಲ್ಲ ಬಿಡು."