ಮೆತ್ತನೆಯ ಕಾಲರ್

"ಅಳಬೇಡಿ. ಯಾರಿಗೂ ಹೇಳಬೇಡಿ. ದುಡ್ಡು ಹಾಕೋವರೆಗೂ ಕ್ಯಾಮೆರಾ ಮುಂದಿಂದ ಏಳೋ ಹಾಗಿಲ್ಲ," ಎಂದು ಫೋನಿನೊಳಗಿನ ಪೊಲೀಸ್ ಅಧಿಕಾರಿ ದಪ್ಪ ದನಿಯಲ್ಲಿ ಗದರುತ್ತಿದ್ದ. ಮೇಲಿನ ಮನೆ ಅಜ್ಜಿ ಕೈಮುಗಿದುಕೊಂಡು ಕೂತಿದ್ದರು. ಹೊಲಿದ ಪರದೆ ಕೊಡಲು ಬಂದ ಟೈಲರ್ ಅಕ್ಕನಿಗೆ ಬಾಗಿಲಲ್ಲೇ ಗೊತ್ತಾಗಿಹೋಯಿತು, ಇದು ಮೋಸ. ಯಾವ ಪೊಲೀಸರೂ ಫೋನಿನಲ್ಲಿ ಅರೆಸ್ಟ್ ಮಾಡಿ ದುಡ್ಡು ಕೇಳುವುದಿಲ್ಲ. ಅವನ ಜನ್ಮ ಜಾಲಾಡಿಬಿಡೋಣ ಅಂತ, ಕ್ಯಾಮೆರಾಗೆ ಬೀಳದ ಹಾಗೆ ಅಜ್ಜಿಯ ಪಕ್ಕಕ್ಕೆ ಬಂದು ಇಣುಕಿದಳು.

ಟೋಪಿಯ ನೆರಳಲ್ಲಿ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಗದರುವಾಗಲೆಲ್ಲ ಕಾಲರಿನೊಳಗೆ ಬೆರಳು ತೂರಿಸಿ ಎಳೆದುಕೊಳ್ಳುತ್ತಿದ್ದ. ಎಳೆದಾಗ ಒಳಗಿನಿಂದ ನೀಲಿ ಹೂವಿನ ಬಟ್ಟೆ ಇಣುಕಿತು.

ಬಾಯಿಗೆ ಬಂದ ಬೈಗುಳ ಅಲ್ಲೇ ಒಣಗಿತು. ಅದು ಅವಳ ಅಮ್ಮನ ಹಳೇ ದಿಂಬಿನ ಬಟ್ಟೆ. "ನಾಟಕದಲ್ಲಿ ಇನ್‌ಸ್ಪೆಕ್ಟರ್ ಪಾರ್ಟು ಸಿಕ್ಕಿದೆ ಅಕ್ಕಾ, ಯೂನಿಫಾರ್ಮ್ ನೀನೇ ಹೊಲಿದುಕೊಡು," ಅಂತ ತಮ್ಮ ಕೇಳಿದಾಗ ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಚಿಕ್ಕಂದಿನಿಂದಲೂ ಅವನಿಗೆ ಕಾಲರ್ ಚುಚ್ಚುತ್ತಿತ್ತು. ಅದಕ್ಕೇ ಒಳಗೆ ಆ ಮೆತ್ತನೆಯ ಬಟ್ಟೆ ಇಟ್ಟು ಹೊಲಿದಿದ್ದಳು. ಹೊಲಿಯುತ್ತಾ, ಮೇಲಿನ ಮನೆ ಅಜ್ಜಿ ಒಬ್ಬರೇ ಇರೋದು ಪಾಪ, ಅಂತ ಅವನಿಗೆ ಹೇಳಿದವಳೂ ಅವಳೇ. "ನಾಟಕಕ್ಕೆ ನನ್ನನ್ನೂ ಕರಿಯೋ," ಅಂದಿದ್ದಕ್ಕೆ ಅವನು ಸುಮ್ಮನೆ ನಕ್ಕಿದ್ದ.

ಅವಳು ಅಜ್ಜಿಯ ಮುಂದಿದ್ದ ಫೋನು ಎತ್ತಿ ತನ್ನ ಮುಖದೆದುರು ಹಿಡಿದಳು. ಗದರಿಕೆ ಅರ್ಧಕ್ಕೇ ನಿಂತಿತು. ಅವನ ಬೆರಳು ಇನ್ನೂ ಕಾಲರಿನೊಳಗೇ ಇತ್ತು.

"ಅಷ್ಟು ಮೆತ್ತಗೆ ಹೊಲಿದ್ರೂ ಚುಚ್ಚುತ್ತೇನೋ, ಪುಟ್ಟಾ?" ಅಂದಳು.